ಆ ಗೋಡೆಗೆ ಒರಗಿ ಉಂಡ ಊಟ

ಪರ್ತ್ ಎಂಬ ಊರಿನ ಹೆಸರು ಕನ್ನಡಿಗರ ಮನೆಗಳಲ್ಲಿ ಗಟ್ಟಿಯಾಗಿ ಕೇಳಿಬಂದದ್ದು 2008ರ ಜನವರಿಯಲ್ಲಿ. ನಮ್ಮ ಅನಿಲ್ ಕುಂಬ್ಳೆ ಅಲ್ಲಿ ತಮ್ಮ 600ನೇ ಟೆಸ್ಟ್ ವಿಕೆಟ್ ಪಡೆದರು. ಅವರದೇ ನಾಯಕತ್ವದಲ್ಲಿ ಭಾರತ ಆ ಪಂದ್ಯವನ್ನು 72 ರನ್ನುಗಳಿಂದ ಗೆದ್ದಿತು. ವಿಜಯಪುರದ ನಮ್ಮ ಮನೆಯಲ್ಲಿ ಬೆಳಗಿನ ಚಹಾದ ಲೋಟ ಹಿಡಿದು ಟಿ.ವಿ. ಮುಂದೆ ಕೂತಿದ್ದ ನಮಗೆ ವೀಕ್ಷಕ ವಿವರಣೆಯವರು ಮತ್ತೆ ಮತ್ತೆ 'ಫ್ರೀಮ್ಯಾಂಟಲ್ ಡಾಕ್ಟರ್' ಎನ್ನುವುದು ಕೇಳಿಸುತ್ತಿತ್ತು. ಯಾರೋ ದೊಡ್ಡ ವೈದ್ಯರು ಪಂದ್ಯ ನೋಡಲು ಬಂದಿದ್ದಾರೆಂದು ನಾವು ತಿಳಿದೆವು. ಬಹಳ ದಿನಗಳ ಮೇಲೆ ಗೊತ್ತಾಯಿತು, ಅದು ಗಾಳಿಯ ಹೆಸರು. ಬೇಸಿಗೆಯ ಮಧ್ಯಾಹ್ನ ಊರು ಕಾದು ಕೆಂಡವಾದಾಗ ಫ್ರೀಮ್ಯಾಂಟಲ್ ಬಂದರಿನ ಕಡೆಯಿಂದ ಬೀಸುವ ತಂಗಾಳಿ. ಬಂದು ಜೀವ ಉಳಿಸುತ್ತದೆಂದು ಜನ ಅದಕ್ಕೆ ಡಾಕ್ಟರ್ ಎಂದು ಹೆಸರಿಟ್ಟಿದ್ದಾರೆ.

ಆ ಊರಿಗೆ ನಾವು ಹೋಗಿ ಬರುವ ಸಂದರ್ಭ ಬಂದದ್ದು 2025ರ ಏಪ್ರಿಲ್‌ನಲ್ಲಿ, ಈದ್ ಕಳೆದ ಎರಡು ವಾರಕ್ಕೆ. ನಮ್ಮ ಅಕ್ಕನ ಮಗ ಸಂಸಾರ ಸಮೇತ ಅಲ್ಲಿದ್ದಾನೆ. ಮನೆ ಇರುವುದು ಪರ್ತಿನಲ್ಲಿ. ಕೆಲಸ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಉತ್ತರಕ್ಕೆ, ಪಿಲ್ಬರಾ ಎಂಬ ಕೆಂಪು ಮಣ್ಣಿನ ಸೀಮೆಯ ಕಬ್ಬಿಣದ ಅದಿರಿನ ಗಣಿಯಲ್ಲಿ. ಎರಡು ವಾರ ಅಲ್ಲಿ ದಿನಕ್ಕೆ ಹನ್ನೆರಡು ತಾಸು ದುಡಿದು ಒಂದು ವಾರ ವಿಮಾನದಲ್ಲಿ ಮನೆಗೆ ಬರುತ್ತಾನೆ. ಆ ಒಂದು ವಾರ ಅವನಿಗೆ ಎಷ್ಟು ಮುಖ್ಯ ಎಂಬುದನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಅವನ ಮಾತನ್ನು ನಾವು ಸರಿಯಾಗಿ ಕೇಳಿಸಿಕೊಂಡೆವೋ ಇಲ್ಲವೋ ಎಂಬ ಅನುಮಾನ ನಮಗೇ ಇದೆ.

ಪರ್ತಿನ ಜನ ಬಿಡುವನ್ನು ಶ್ರದ್ಧೆಯಿಂದ ಕಳೆಯುತ್ತಾರೆ. ಸ್ವಾನ್ ನದಿಯ ಮೇಲಿನ ಗುಡ್ಡದಲ್ಲಿ ಸುಮಾರು 400 ಹೆಕ್ಟೇರಿನ ಕಿಂಗ್ಸ್ ಪಾರ್ಕ್ ಇದೆ. ಅದರ ಬಹುಪಾಲು ಕಾಡನ್ನು ಕಾಡಾಗಿಯೇ ಬಿಟ್ಟಿದ್ದಾರೆ. ಕಾಟಸ್ಲೊ ಎಂಬಲ್ಲಿ ಬಿಳಿಯ ಮರಳು, ಸಾಲು ಪೈನ್ ಮರಗಳು, ಪಶ್ಚಿಮಕ್ಕೆ ಮುಖ ಮಾಡಿದ ಹಿಂದೂ ಮಹಾಸಾಗರ. ಅದೇ ನೀರು ನಮ್ಮ ಕಡೆ ಬಂದು ಅರಬ್ಬೀ ಸಮುದ್ರವೆನಿಸುತ್ತದೆ. ಉದ್ಯಾನಗಳಲ್ಲಿ ಯಾರು ಬೇಕಾದರೂ ಬಳಸಬಹುದಾದ ಕರೆಂಟಿನ ಒಲೆಗಳನ್ನು ಇಟ್ಟಿದ್ದಾರೆ. ನಮ್ಮವರು ಅದರ ಮೇಲೆ ಅಲ್ಯೂಮಿನಿಯಂ ಹಾಳೆ ಹಾಸಿ ಕಬಾಬ್ ಸುಟ್ಟುಕೊಳ್ಳುತ್ತಾರೆ. ಪಕ್ಕದ ಒಲೆಯಲ್ಲಿ ಏನು ಬೇಯುತ್ತಿದೆ ಎಂದು ಯಾರೂ ಕೇಳುವುದಿಲ್ಲ. ಅದೊಂದು ದೊಡ್ಡ ನೆಮ್ಮದಿ.

ನಮಗೆ ಬಿಡುವಿನ ಪಾಠ ಯಾರೂ ಕಲಿಸಿದ್ದಿಲ್ಲ. ಉರ್ದು ಶಾಲೆಯಲ್ಲಿ ಎರಡು ಪೀರಿಯಡ್ಡಿನ ನಡುವಿನ ಬಿಡುವಿಗೆ ತಫ್ರೀಹ್ ಎನ್ನುತ್ತಿದ್ದೆವು. ಫರಹ್ ಎಂದರೆ ಸಂತೋಷ. ಮನಸ್ಸನ್ನು ಹಿಗ್ಗಿಸುವುದು ತಫ್ರೀಹ್. ಹೆಸರು ಅಷ್ಟು ಚೆಂದ. ಆದರೆ ಗಂಟೆ ಬಾರಿಸಿದ ಹತ್ತೇ ನಿಮಿಷಕ್ಕೆ ಉಸ್ತಾದರು ಬೆತ್ತ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದರು. ಸುಮ್ಮನೆ ಕೂತವನನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ದೊಡ್ಡವರಾದ ಮೇಲೂ ಎಲ್ಲಿಗಾದರೂ ಹೋದರೆ ಮದುವೆಗೆ, ಮಯ್ಯತ್ತಿಗೆ, ಇಲ್ಲವೇ ದರ್ಗಾಕ್ಕೆ ಹೋದೆವೇ ಹೊರತು ಸುಮ್ಮನೆ ನೋಡಲೆಂದು ಹೋದದ್ದು ಕಡಿಮೆ. ಹಾಗಾಗಿ ಪರ್ತಿನಲ್ಲಿ ದಿನವಿಡೀ ನೋಡುವುದೇ ಕೆಲಸವಾದಾಗ ಮೊದಲೆರಡು ದಿನ ಒಂಥರಾ ಅಪರಾಧ ಮಾಡಿದಂತೆ ಅನಿಸಿತು. ಮೂರನೆಯ ದಿನಕ್ಕೆ ರೂಢಿಯಾಯಿತು.

ಫ್ರೀಮ್ಯಾಂಟಲ್‌ನಲ್ಲಿ ನೋಡುವ ಜಾಗಗಳಲ್ಲಿ ಮುಖ್ಯವಾದವು ಎರಡು ಸೆರೆಮನೆಗಳು. ಸಮುದ್ರದ ದಂಡೆಯ ಬಂಡೆಯ ಮೇಲೆ ಹನ್ನೆರಡು ಮುಖದ ಒಂದು ಕಲ್ಲುಕಟ್ಟಡವಿದೆ, ಹೆಸರು ರೌಂಡ್ ಹೌಸ್. 1831ರಲ್ಲಿ ಕಟ್ಟಿದ್ದು. ಬ್ರಿಟಿಷರು ಆ ಸೀಮೆಗೆ ಬಂದು ಎರಡು ವರ್ಷವೂ ತುಂಬಿರಲಿಲ್ಲ, ಆಗಲೇ ಜೈಲು ಬೇಕಾಯಿತು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಇಂದಿಗೂ ಉಳಿದಿರುವ ಸಾರ್ವಜನಿಕ ಕಟ್ಟಡಗಳಲ್ಲಿ ಅತ್ಯಂತ ಹಳೆಯದು ಅದೇ. ಇನ್ನೊಂದು ಊರೊಳಗಿನ ದೊಡ್ಡ ಜೈಲು. ಇಂಗ್ಲೆಂಡಿನಿಂದ ಹಡಗಿನಲ್ಲಿ ತಂದ ಕೈದಿಗಳೇ 1850ರ ದಶಕದಲ್ಲಿ ಸುಣ್ಣಕಲ್ಲು ಕಡಿದು ತಮಗಾಗಿ ಅದನ್ನು ಕಟ್ಟಿಕೊಂಡರು. 1991ರವರೆಗೆ ಅಲ್ಲಿ ಬಂದಿಗಳಿದ್ದರು. 2010ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿ ಸೇರಿತು. ಹೆಂಗಸರ ಜೈಲಾಗಿದ್ದ ಭಾಗ 2015ರಲ್ಲಿ ಪ್ರವಾಸಿಗರ ವಸತಿಗೃಹವಾಯಿತು. ರಾತ್ರಿ ಟಾರ್ಚ್ ಹಿಡಿದು ಕತ್ತಲೆ ಕೋಣೆಗಳನ್ನು ತೋರಿಸುವ ಏರ್ಪಾಡೂ ಇದೆ. ಜನ ಚೀರುತ್ತಾರೆ, ನಗುತ್ತಾರೆ, ಹೊರಬಂದು ಕಾಫಿ ಕುಡಿಯುತ್ತಾರೆ. ಇದರಲ್ಲಿ ನಮಗೆ ಅಷ್ಟೇನೂ ಕೆಡುಕು ಕಾಣಿಸಲಿಲ್ಲ. ಆ ಕೈದಿಗಳ ಮರಿಮಕ್ಕಳು ಇವತ್ತು ಆ ದೇಶದ ಯಜಮಾನರು. ಅಜ್ಜ ರೊಟ್ಟಿ ಕದ್ದು ಬಂದವನೆಂದು ಹೆಮ್ಮೆಯಿಂದ ಹೇಳಿಕೊಳ್ಳುವವರು. ಸ್ವಂತ ಮನೆಯ ಗಾಯವನ್ನು ತೋರಿಸಿ ನಗುವುದು ಅವರವರ ಹಕ್ಕು.

ದ್ವೀಪಕ್ಕೆ ಹೋದದ್ದು ಐದನೆಯ ದಿನ. ಶಾಲೆಗೆ ರಜೆ, ನಮ್ಮ ಹುಡುಗನಿಗೂ ರಜೆ. ಫ್ರೀಮ್ಯಾಂಟಲ್‌ನಿಂದ ಫೆರಿಯಲ್ಲಿ ಅರ್ಧ ತಾಸಿನ ದಾರಿ. ಹೆಸರು ರಾಟ್‌ನೆಸ್ಟ್. 1696ರ ಡಿಸೆಂಬರಿನಲ್ಲಿ ಬಂದ ವಿಲ್ಲೆಮ್ ಡಿ ಫ್ಲಾಮಿಂಗ್ ಎಂಬ ಡಚ್ ನಾವಿಕ ಅಲ್ಲಿ ಓಡಾಡುತ್ತಿದ್ದ ಪ್ರಾಣಿಗಳನ್ನು ದೊಡ್ಡ ಇಲಿಗಳೆಂದು ತಿಳಿದು ಇಲಿಯ ಗೂಡು ಎಂದು ಹೆಸರಿಟ್ಟ. ಅವು ಇಲಿಗಳಲ್ಲ, ಕ್ವಾಕ್ಕಾ. ಕಾಂಗರೂವಿನ ಸಂಬಂಧಿ, ಬೆಕ್ಕಿನ ಗಾತ್ರ, ಸದಾ ಮುಗುಳ್ನಗುವಂಥ ಮುಖ. 2017ರ ಡಿಸೆಂಬರಿನಲ್ಲಿ ರೋಜರ್ ಫೆಡರರ್ ಒಂದು ಕ್ವಾಕ್ಕಾದ ಜೊತೆ ತೆಗೆಸಿಕೊಂಡ ಸೆಲ್ಫಿ ಲೋಕವೆಲ್ಲ ಓಡಾಡಿದ ಮೇಲೆ ಅದರ ಜೊತೆ ಫೋಟೋ ಇಲ್ಲದೆ ಯಾರೂ ಹಿಂದಿರುಗುವುದಿಲ್ಲವಂತೆ. ಮುಟ್ಟುವಂತಿಲ್ಲ, ತಿನ್ನಿಸುವಂತಿಲ್ಲ, ದಂಡ ಬೀಳುತ್ತದೆ. ಮೊಮ್ಮಗಳು ನೆಲಕ್ಕೆ ಅಂಗಾತ ಮಲಗಿ, ಕ್ವಾಕ್ಕಾ ತಾನಾಗಿ ಕ್ಯಾಮೆರಾ ಮೂಸಲು ಬರುವವರೆಗೆ ಉಸಿರು ಹಿಡಿದು ಕಾದು ಫೋಟೋ ತೆಗೆದಳು. ಚಿತ್ರ ಚೆನ್ನಾಗಿ ಬಂದಿದೆ.

ಹನ್ನೊಂದು ಕಿಲೋಮೀಟರ್ ಉದ್ದದ ದ್ವೀಪ. ಖಾಸಗಿ ಕಾರುಗಳಿಲ್ಲ, ಎಲ್ಲರೂ ಸೈಕಲ್ಲಿನಲ್ಲಿ. ಒಳಗೆ ಉಪ್ಪಿನ ಕೆರೆಗಳು, ಗುಡ್ಡದ ಮೇಲೆ ದೀಪಸ್ತಂಭ, ಸುತ್ತ ಹಸಿರು ನೀಲಿ ನೀರಿನ ಕೊಲ್ಲಿಗಳು. ಇಷ್ಟು ತಿಳಿಯಾದ ನೀರನ್ನು ನಾವು ಹಿಂದೆ ಕಂಡಿರಲಿಲ್ಲ. ಥಾಮ್ಸನ್ ಕೊಲ್ಲಿಯ ಎದುರು, ಹಳೆಯ ಸುಣ್ಣಕಲ್ಲಿನ ತಡೆಗೋಡೆಗೆ ಒರಗಿ ಕೂತು, ಸೊಸೆ ಬೆಳಗಿನ ಜಾವ ಎದ್ದು ಮಾಡಿ ತಂದಿದ್ದ ಬಿರಿಯಾನಿ ತಿಂದೆವು. ಬಿಸಿಲಿಗೆ ಕಾದ ಗೋಡೆ ಬೆನ್ನಿಗೆ ಹಿತವಾಗಿತ್ತು. ಇಷ್ಟು ಸುಖವಾದ ಊಟ ಮಾಡಿ ಎಷ್ಟು ವರ್ಷವಾಯಿತೋ ಎಂದು ಬಾಯಿಬಿಟ್ಟು ಹೇಳಿದೆವು ಕೂಡ.

ಊಟ ಮುಗಿಸಿ ಡಬ್ಬಿ ಕಟ್ಟಿ, ಕಾಲಾಡಿಸಲು ಎದ್ದು ಹೋದಾಗ ಫಲಕಗಳನ್ನು ಓದಿದ್ದು.

ದ್ವೀಪದ ಮೂಲ ಹೆಸರು ವಾಜೆಮಪ್. ಪರ್ತ್ ಸೀಮೆಯ ಮೂಲನಿವಾಸಿಗಳಾದ ನೂಂಗರ್ ಜನರ ಭಾಷೆಯದು. ನೀರಿನ ಆಚೆ, ಸತ್ತವರ ಆತ್ಮಗಳು ಇರುವ ಜಾಗ ಎಂದು ಅದರ ಅರ್ಥವನ್ನು ವಿವರಿಸುತ್ತಾರೆ. ಸುಮಾರು 7000 ವರ್ಷಗಳ ಹಿಂದೆ ಸಮುದ್ರದ ಮಟ್ಟ ಏರಿ ಅದು ನೆಲದಿಂದ ಬೇರ್ಪಟ್ಟಿತು. ಅದಕ್ಕೂ ಮೊದಲು ಅವರ ಪೂರ್ವಜರು ಅಲ್ಲಿ ನಡೆದಾಡಿದ್ದರು. 1838ರಲ್ಲಿ ಬ್ರಿಟಿಷರು ಆ ದ್ವೀಪವನ್ನು ಮೂಲನಿವಾಸಿಗಳ ಸೆರೆಮನೆ ಮಾಡಿದರು. ಮೊದಲು ತಂದದ್ದು ಹತ್ತು ಜನರನ್ನು. ಕೊನೆಗೆ ಲೆಕ್ಕ ಸುಮಾರು 4000ಕ್ಕೆ ಹೋಯಿತು. ಎಲ್ಲರೂ ಗಂಡಸರು ಮತ್ತು ಹುಡುಗರು, ಎಂಟು ವರ್ಷದ ಬಾಲಕನಿಂದ ಎಪ್ಪತ್ತರ ಮುದುಕನವರೆಗೆ. ಅವರಲ್ಲಿ ಬಹಳ ಮಂದಿಯ ಅಪರಾಧವೆಂದರೆ ಕುರಿಗೋ ದನಕ್ಕೋ ಈಟಿ ಎಸೆದದ್ದು, ಹಿಟ್ಟು ಕದ್ದದ್ದು. ಅವರ ಬೇಟೆಯ ಕಾಡು ಕುರಿಗಳ ಹುಲ್ಲುಗಾವಲಾಗಿತ್ತು. ಹಸಿದವನು ಕುರಿಯನ್ನೇ ಬೇಟೆಯಾಡಿದ. ಕತ್ತಿಗೆ ಸರಪಳಿ ಹಾಕಿ ಸಾಲಾಗಿ ನಡೆಸಿ, ಬಂದರು ಸೇರಿಸಿ, ಹಡಗಿನಲ್ಲಿ ತಂದರು. ದೂರದ ಕಿಂಬರ್ಲಿಯಿಂದ ಬಂದವರಿದ್ದರು, ಪಿಲ್ಬರಾದಿಂದ ಬಂದವರಿದ್ದರು. ಪಿಲ್ಬರಾ ಎಂಬುದನ್ನು ಓದಿದಾಗ ನಮ್ಮ ಹುಡುಗ ಫಲಕದ ಮುಂದೆ ಸ್ವಲ್ಪ ಹೊತ್ತು ನಿಂತ. ತಾನು ತಿಂಗಳಿಗೊಮ್ಮೆ ಹಾರಿ ಹೋಗುವ ನೆಲದ ಹೆಸರು ಅದು.

ಸತ್ತವರು ಕನಿಷ್ಠ 370 ಮಂದಿ. 1883ರಲ್ಲಿ ಇನ್‌ಫ್ಲುಯೆಂಜಾ ಬಂದಾಗ ಸುಮಾರು 60 ಮಂದಿ ಸತ್ತರು. ಸತ್ತವರನ್ನು ಸೆರೆಮನೆಯ ಹತ್ತಿರದ ಮರಳಿನಲ್ಲಿ ಹೂತರು. ಗುರುತಿಗೆ ಒಂದು ಕಲ್ಲನ್ನೂ ನೆಡಲಿಲ್ಲ. ಬದುಕಿದ್ದವರಿಂದ ಉಪ್ಪು ತೆಗೆಸಿದರು, ಹೊಲ ಮಾಡಿಸಿದರು, ಕಲ್ಲು ಒಡೆಸಿದರು. ದ್ವೀಪದ ಹಳೆಯ ಮನೆಗಳು, ಮೊದಲ ದೀಪಸ್ತಂಭ, ಸಮುದ್ರದ ತಡೆಗೋಡೆ ಎಲ್ಲವೂ ಅವರ ಕೈಕೆಲಸ. ಸೊಸೆ ಈ ಸಾಲನ್ನು ಗಟ್ಟಿಯಾಗಿ ಓದಿ ನಿಲ್ಲಿಸಿದಳು. ನಾವು ಒರಗಿ ಕೂತಿದ್ದ ಗೋಡೆ ಅದೇ.

ಮುಂದಿನದು ಇನ್ನೂ ವಿಚಿತ್ರ. ಅಧಿಕೃತವಾಗಿ ಸೆರೆಮನೆ ಮುಚ್ಚಿದ್ದು 1904ರಲ್ಲಿ. ಆದರೆ 1931ರವರೆಗೆ ಮೂಲನಿವಾಸಿ ಬಂದಿಗಳನ್ನು ಅಲ್ಲಿ ಇಟ್ಟುಕೊಂಡು ಕೆಲಸ ಮಾಡಿಸಿದರು. ಯಾವ ಕೆಲಸ? ದ್ವೀಪವನ್ನು ಬಿಳಿಯರ ವಿಹಾರಧಾಮವಾಗಿ ಮಾಡುವ ಕೆಲಸ. ಕ್ವಾಡ್ ಎಂದು ಕರೆಯುತ್ತಿದ್ದ, 1864ರ ಸುಮಾರಿಗೆ ಎದ್ದ ಸೆರೆಮನೆಯ ಮುಖ್ಯ ಕಟ್ಟಡವನ್ನು 1911ರ ಹೊತ್ತಿಗೆ ಪ್ರವಾಸಿಗರ ವಸತಿ ಮಾಡಿದರು. ಹಲವರನ್ನು ಒಟ್ಟಿಗೆ ತುಂಬಿದ್ದ ಕಿರಿದಾದ ಕೋಣೆಗಳ ನಡುವಿನ ಗೋಡೆ ಒಡೆದು, ಮಂಚ ಹಾಕಿ, ಪರದೆ ಕಟ್ಟಿ ಬಾಡಿಗೆಗೆ ಕೊಟ್ಟರು. ಮಧುಚಂದ್ರಕ್ಕೆ ಬಂದವರೂ ಆ ಕೋಣೆಗಳಲ್ಲಿ ಮಲಗಿ ಎದ್ದಿರಬೇಕು. ಹೂತ ಜಾಗದ ಮೇಲೆ ಡೇರೆ ಹಾಕುವ ಮೈದಾನವಾಯಿತು. ತಲೆಮಾರುಗಳ ಮಕ್ಕಳು ಅಲ್ಲಿ ಆಡಿದರು. ಡೇರೆ ಮೈದಾನ ಮುಚ್ಚಿದ್ದು 2007ರಲ್ಲಿ. ಕ್ವಾಡ್‌ನ ವಸತಿ ನಿಂತದ್ದು 2018ರ ಮೇ ತಿಂಗಳಲ್ಲಿ. ಅಂದರೆ ಫೆಡರರ್ ಸೆಲ್ಫಿ ತೆಗೆದ ದಿನ ಆ ಕೋಣೆಗಳಲ್ಲಿ ಜನ ರಜೆ ಕಳೆಯುತ್ತಿದ್ದರು. ಫೆಡರರ್ ಏನು ಮಾಡಿದರು ಪಾಪ. ಅವರನ್ನು ದೂರುವ ಮಾತಲ್ಲ ಇದು. ಇಸವಿ ಎಷ್ಟು ಹತ್ತಿರದ್ದು ನೋಡಿ ಎಂದಷ್ಟೇ.

ಅಲ್ಲಿಂದ ಫೆರಿಯ ಕಟ್ಟೆಯವರೆಗೆ ನಡೆದು ಬರುವಾಗ ನಮ್ಮ ತಲೆಯಲ್ಲಿ ಒಂದೇ ಪ್ರಶ್ನೆ. ಒಂದು ತಾಸಿನ ಹಿಂದೆ ನಾವು ಪಟ್ಟ ಸುಖ ಈಗ ಏನಾಯಿತು? ಗೊತ್ತಿಲ್ಲದೆ ಮಾಡಿದ್ದು ತಪ್ಪಲ್ಲ, ಸರಿ. ಆದರೆ ಗೊತ್ತಾದ ಮೇಲೆ, ನಡೆದುಹೋದ ಸುಖ ಹಿಂದಕ್ಕೆ ಹೋಗಿ ತಪ್ಪಾಗಿಬಿಡುತ್ತದೆಯೇ? ತಿಂದ ಅನ್ನವನ್ನು ತಿಂದಿಲ್ಲವೆನ್ನಲಾಗದು. ಬೆನ್ನಿಗೆ ಹಿತವಾಗಿತ್ತು ಎಂಬುದೂ ಸುಳ್ಳಲ್ಲ. ಇನ್ನು ಮುಂದೆ ಅಲ್ಲಿ ನಗಬಾರದೇ? ನಗಬಹುದಾದರೆ ಎಷ್ಟು ವರ್ಷ ಕಳೆದ ಮೇಲೆ ನಗಬಹುದು?

ಇದನ್ನು ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು. ಹುಡುಗನಿಗೆ ಸಿಟ್ಟು ಬಂತು.

"ಮಾಮೂ, ನೀವು ಕಥೆ ಬರೆಯೋರು, ಒಂದು ದಿನಕ್ಕೆ ಬಂದು ಹೋಗ್ತೀರಿ. ನಾನು ಹದಿನಾಲ್ಕು ದಿನ ಧೂಳು ಕುಡಿದು ಬಂದಿದೀನಿ. ಮಕ್ಕಳ ಜೊತೆ ಸಿಗೋದು ಇದೊಂದು ದಿನ. ನೆಲ ಕೆದಕಿದರೆ ಎಲ್ಲಿ ಹೆಣ ಇಲ್ಲ ಹೇಳಿ? ನಮ್ಮೂರ ಗೋಳಗುಮ್ಮಟ ಏನು, ಅರಮನೆಯಾ? ಅದೂ ಕಬರೇ ತಾನೆ? ಅಲ್ಲಿ ಹೋಗಿ ನಾವೆಲ್ಲ ಕೂಗಿಲ್ವಾ?"

ಮಾತು ನೆಟ್ಟಗೆ ಬಂದು ನಾಟಿತು. ಗೋಳಗುಮ್ಮಟ 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಸಮಾಧಿ. ನಿಜವಾದ ಗೋರಿ ಕೆಳಗೆ ನೆಲಮಾಳಿಗೆಯಲ್ಲಿದೆ. ಮೇಲೆ, ಪಿಸುಮಾತಿನ ಗ್ಯಾಲರಿಯಲ್ಲಿ, ಶಾಲೆಯ ಮಕ್ಕಳಿಂದ ಹಿಡಿದು ಮುದುಕರವರೆಗೆ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಸೀಟಿ ಹೊಡೆಯುತ್ತಾರೆ, ತಮ್ಮ ಹೆಸರನ್ನೇ ಕೂಗಿ ಅದು ಮತ್ತೆ ಮತ್ತೆ ಮರಳಿ ಬರುವುದನ್ನು ಕೇಳುತ್ತಾರೆ. ನಾವೂ ಕೂಗಿದ್ದೇವೆ. ಅದು ಸತ್ತವನಿಗೆ ಅವಮಾನವೆಂದು ನಮಗೆ ಎಂದೂ ಅನಿಸಿಲ್ಲ. ಗೋರಿಯ ಪಕ್ಕದಲ್ಲಿ ಸಂತೋಷಪಡುವುದು ನಮ್ಮ ಸೀಮೆಗೆ ಹೊಸದೂ ಅಲ್ಲ. ಉರೂಸ್ ಎಂದರೇನು? ಒಬ್ಬ ಸಂತ ತೀರಿಕೊಂಡ ದಿನ. ಆ ದಿನ ನಾವು ಬಳೆ ಕೊಳ್ಳುತ್ತೇವೆ, ಮಿಠಾಯಿ ತಿನ್ನುತ್ತೇವೆ, ತೊಟ್ಟಿಲಲ್ಲಿ ಕೂತು ತಿರುಗುತ್ತೇವೆ. ಹಿಂದೂ ಮುಸ್ಲಿಮ್ ಎನ್ನದೆ ಊರಿಗೆ ಊರೇ ನೆರೆಯುತ್ತದೆ.

ಆದರೆ ಆ ನಗುವಿಗೂ ಡೇರೆ ಮೈದಾನದ ನಗುವಿಗೂ ವ್ಯತ್ಯಾಸವಿಲ್ಲವೇ? ಯೋಚಿಸುತ್ತಾ ಹೋದಂತೆ ನಮಗೆ ತೋಚಿದ್ದು ಇಷ್ಟು. ಉರೂಸಿನಲ್ಲಿ ಸತ್ತವನೇ ಮನೆಯ ಯಜಮಾನ, ನಾವು ಅವನ ಅತಿಥಿಗಳು. ಮೊದಲು ಒಳಗೆ ಹೋಗಿ ಸಲಾಮ್ ಹೇಳಿ, ಹೂವಿನ ಚಾದರ ಹೊದಿಸಿ, ಆಮೇಲೆ ಅಂಗಡಿ ಸಾಲಿಗೆ ಬರುತ್ತೇವೆ. ಆದಿಲ್‌ಶಾಹನಂತೂ ಜನ ಬಂದು ಬಾಯಿ ತೆರೆದು ನೋಡಲೆಂದೇ ಜೀವವಿರುವಾಗಲೇ ಆ ಗುಮ್ಮಟವನ್ನು ಕಟ್ಟಿಸಿದ. ವಾಜೆಮಪ್‌ನ ಮರಳಿನಲ್ಲಿ ಮಲಗಿದವರನ್ನು ಯಾರೂ ಕೇಳಲಿಲ್ಲ. ಅವರು ಅಲ್ಲಿದ್ದಾರೆಂದು ಅವರ ಮೇಲೆ ಡೇರೆಯ ಗೂಟ ಹೊಡೆದವರಿಗೂ ತಿಳಿಸಲಿಲ್ಲ. ಕಬರಿನ ಹತ್ತಿರ ನಗುವುದು ಒಂದು, ಕಬರು ಇಲ್ಲವೆಂದು ಮಾಡಿ ಅದರ ಮೇಲೆ ನಗಿಸುವುದು ಇನ್ನೊಂದು. ಎರಡನೆಯದರಲ್ಲಿ ನಕ್ಕವನಿಗಿಂತ ಮರೆಮಾಡಿದವನ ಪಾಲು ದೊಡ್ಡದು.

ಹೀಗೆ ತೀರ್ಮಾನ ಕೊಟ್ಟು ನಾವು ಸುಮ್ಮನಾಗಬಹುದಿತ್ತು. ಆದರೆ ಗೋಳಗುಮ್ಮಟದ ಜೊತೆಗೆ ನಮ್ಮೂರಿನದೇ ಇನ್ನೊಂದು ಜಾಗ ನೆನಪಾಯಿತು. ಊರ ಹೊರಗೆ ಸಾಠ್ ಕಬರ್ ಇದೆ. ಕಪ್ಪು ಕಲ್ಲಿನ ಅರವತ್ತರ ಹತ್ತಿರದ ಗೋರಿಗಳು, ಸಾಲು ಸಾಲಾಗಿ, ಒಂದೇ ಅಳತೆ. 1659ರಲ್ಲಿ ಶಿವಾಜಿಯ ಮೇಲೆ ಹೊರಡುವ ಮುನ್ನ ಅಫ್ಜಲ್ ಖಾನ್ ತನ್ನ ಹೆಂಡಂದಿರನ್ನೆಲ್ಲ ಕೊಂದು ಹೂಳಿಸಿದ ಎಂದು ಜನ ಕಥೆ ಹೇಳುತ್ತಾರೆ. ಕಥೆ ಎಷ್ಟು ನಿಜವೋ ಬೇರೆ ಮಾತು. ಹುಡುಗರಾಗಿದ್ದಾಗ ನಾವು ಅದನ್ನು ನಿಜವೆಂದೇ ನಂಬಿದ್ದೆವು. ನಂಬಿಕೊಂಡೇ ಪೇರಲಕಾಯಿ ಜೇಬಿಗೆ ತುಂಬಿ ಅಲ್ಲಿಗೆ ಹೋಗಿ ಒಂದು ಗೋರಿಯಿಂದ ಇನ್ನೊಂದಕ್ಕೆ ಜಿಗಿಯುವ ಆಟ ಆಡುತ್ತಿದ್ದೆವು. ನೆಲ ಮುಟ್ಟಿದವನು ಔಟು. ಮರೆಮಾಡಿದವರು ಯಾರೂ ಇರಲಿಲ್ಲ. ಎಲ್ಲ ಗೊತ್ತಿತ್ತು, ಗೋರಿ ಕಣ್ಣಿಗೆ ಕಾಣುತ್ತಿತ್ತು. ಆದರೂ ಅವರು ಯಾರದೋ ಹೆಂಡಂದಿರು, ಹೆಸರಿಲ್ಲದವರು. ಅವರ ಮೇಲೆ ಜಿಗಿಯಲು ನಮ್ಮ ಕಾಲು ಹಿಂಜರಿಯಲಿಲ್ಲ. ಅಜ್ಜನ ಕಬರಿನ ಮೇಲೆ ಹಾಗೆ ಜಿಗಿದಿದ್ದರೆ ಮನೆಯಲ್ಲಿ ಚರ್ಮ ಸುಲಿಯುತ್ತಿದ್ದರು. ಅಂದಮೇಲೆ ತಿಳಿಯದಿರುವುದೊಂದೇ ಕಾರಣವಲ್ಲ. ಯಾರ ಸಾವು ನಮ್ಮದು, ಯಾರದು ಅಲ್ಲ ಎಂಬ ಲೆಕ್ಕ ಬೇರೆಯೇ ಒಂದು ಇದೆ, ಅದನ್ನು ಮಕ್ಕಳು ಬೇಗ ಕಲಿಯುತ್ತಾರೆ. ಪರ್ತಿನವರಿಗೆ ಉಪದೇಶ ಹೇಳಲು ನಾವು ಯಾರು ಎಂದು ಅಲ್ಲಿಯೇ ಅನಿಸಿತು.

ಇದಕ್ಕೆ ಇನ್ನೊಂದು ಎಳೆ ಇದೆ. ಹಿಂದಿನ ದಿನ ಜುಮಾ ನಮಾಜಿಗೆ ನಾವು ವಿಲಿಯಂ ಸ್ಟ್ರೀಟಿನ ಹಳೆಯ ಮಸೀದಿಗೆ ಹೋಗಿದ್ದೆವು. 1905ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದವರು ಒಂಟೆ ಹೊಡೆಯುವವರು. ಅಫ್ಘನ್ನರೆಂದು ಎಲ್ಲರನ್ನೂ ಒಂದೇ ಹೆಸರಿನಲ್ಲಿ ಕರೆಯುತ್ತಿದ್ದರಾದರೂ ಅವರಲ್ಲಿ ಬಲೂಚಿಗಳು, ಪಂಜಾಬಿಗಳು, ಸಿಂಧಿಗಳೂ ಇದ್ದರು. ಮರುಭೂಮಿಯ ಊರುಗಳಿಗೆ, ಚಿನ್ನದ ಗಣಿಗಳಿಗೆ ಹಿಟ್ಟು, ನೀರು, ತಂತಿ ಹೊತ್ತು ನಡೆದವರು. ಅವರಿಗೆ ಆ ದೇಶ ಒಳ್ಳೆಯದನ್ನೇನೂ ಮಾಡಲಿಲ್ಲ. ಪೌರತ್ವ ಕೊಡಲಿಲ್ಲ, ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಬಿಡಲಿಲ್ಲ. ಅವರ ಬೆವರಿನ ಮಸೀದಿಯಲ್ಲಿ ನಿಂತು ನಮಗೆ ಎದೆ ತುಂಬಿ ಬಂದಿತ್ತು. ದ್ವೀಪದಿಂದ ಮರಳಿದ ಮೇಲೆ ಅದೇ ನೆನಪು ಇನ್ನೊಂದು ಬಗೆಯಲ್ಲಿ ಕಾಡಿತು. ಒಳನಾಡಿಗೆ ಒಂಟೆಗಳು ಸಾಮಾನು ತಲುಪಿಸಿದ್ದರಿಂದಲೇ ಕುರಿಯ ಹಟ್ಟಿಗಳು ಅಲ್ಲಿ ಬೇರು ಬಿಟ್ಟವು. ಹಟ್ಟಿ ಬೇರು ಬಿಟ್ಟಲ್ಲಿ ಮೂಲನಿವಾಸಿಯ ನೀರಿನ ಗುಂಡಿ ಹೋಯಿತು, ಬೇಟೆ ಹೋಯಿತು. ಕುರಿಗೆ ಈಟಿ ಬಿತ್ತು. ಈಟಿ ಎಸೆದವನ ಕೊರಳಿಗೆ ಸರಪಳಿ ಬಿತ್ತು. ಒಂಟೆಯವನು ಹೊಟ್ಟೆಪಾಡಿಗೆ ದುಡಿದ. ತಾನು ಯಾರ ದಾರಿ ಮಾಡಿಕೊಡುತ್ತಿದ್ದೇನೆಂದು ಅವನು ಯೋಚಿಸಿರಲಾರ. ನಮ್ಮ ಹುಡುಗನೂ ಹೊಟ್ಟೆಪಾಡಿಗೇ ಪಿಲ್ಬರಾಕ್ಕೆ ಹೋಗುತ್ತಾನೆ. ಇದನ್ನು ಅವನಿಗೆ ಹೇಳುವ ಧೈರ್ಯ ನಮಗಾಗಲಿಲ್ಲ. ಇಲ್ಲಿ ಬರೆಯುತ್ತಿದ್ದೇವೆ, ಓದಿದರೆ ಓದಲಿ.

ದ್ವೀಪದ ಸೆರೆಮನೆಯ ಬಗ್ಗೆ ಓದುತ್ತಾ ಹೋದಾಗ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಅದರ ಕ್ರೌರ್ಯವಲ್ಲ. ಕ್ರೌರ್ಯಕ್ಕೆ ನಾವು ಸಿದ್ಧರಾಗಿರುತ್ತೇವೆ. ಹೆನ್ರಿ ವಿನ್ಸೆಂಟ್ ಎಂಬ ಮೇಲ್ವಿಚಾರಕ ಬಂದಿಗಳನ್ನು ಹೇಗೆ ಹೊಡೆದ ಬಡಿದ ಎಂಬುದು ಯಾವ ಜೈಲಿನ ಚರಿತ್ರೆಯಲ್ಲಿಯೂ ಸಿಗುವಂಥದ್ದೇ. ಚುಚ್ಚಿದ್ದು, ಅದರ ಹಿಂದಿನ ಕರುಣೆ. 1841ರಲ್ಲಿ ದ್ವೀಪವನ್ನು ಕಾನೂನುಬದ್ಧ ಸೆರೆಮನೆ ಮಾಡಿದಾಗ ಕೊಟ್ಟ ಕಾರಣ ಓದಲು ಚೆನ್ನಾಗಿದೆ. ಈ ಜನ ಬಯಲಿನಲ್ಲಿ ಬೆಳೆದವರು, ಗೋಡೆಗಳ ನಡುವೆ ಇಟ್ಟರೆ ಕೊರಗಿ ಸಾಯುತ್ತಾರೆ. ಸುತ್ತ ಸಮುದ್ರವಿರುವ ದ್ವೀಪದಲ್ಲಿ ಇಟ್ಟರೆ ಓಡಿಹೋಗುವ ಭಯವಿಲ್ಲ, ಆದ್ದರಿಂದ ಒಂದಿಷ್ಟು ಸ್ವತಂತ್ರವಾಗಿ ಓಡಾಡಿಕೊಂಡಿರಬಹುದು ಎಂಬ ಭಾವ. ಆಮೇಲೆ ಅಲ್ಲಿಯೂ ಗೋಡೆ ಬಂತು, ಕಿರಿಕೋಣೆ ಬಂತು. ಆರಂಭದ ವರ್ಷಗಳಲ್ಲಿ ಆರು ದಿನ ದುಡಿಸಿ ಭಾನುವಾರ ಅವರನ್ನು ಹೊರಗೆ ಬಿಡುತ್ತಿದ್ದರಂತೆ. ಅವರು ದ್ವೀಪದ ತುಂಬ ಓಡಾಡಿ ಮೀನು ಹಿಡಿದು, ಬೇಟೆಯಾಡಿ ತಿನ್ನುತ್ತಿದ್ದರು.

ಆ ಭಾನುವಾರದ ಮೇಲೆ ನಮ್ಮ ಮನಸ್ಸು ನಿಂತುಬಿಟ್ಟಿತು. ಕನ್ನಡದಲ್ಲಿ ಬಿಡುವು, ಬಿಡುಗಡೆ ಎರಡೂ ಒಂದೇ ಧಾತುವಿನಿಂದ ಬಂದವು. ಬಂದಿಗೆ ಭಾನುವಾರ ಸಿಕ್ಕದ್ದು ಮೊದಲನೆಯದು, ಎರಡನೆಯದಲ್ಲ. ಅದೇ ಕೊಲ್ಲಿ, ಅದೇ ತಿಳಿನೀರು, ಅದೇ ನಗುಮುಖದ ಕ್ವಾಕ್ಕಾ. ಅವನಿಗೂ ಬಿಸಿಲು ಹಿತವಾಗಿರಬೇಕು. ಮೀನು ಸಿಕ್ಕಾಗ ಅವನೂ ನಕ್ಕಿರಬೇಕು; ನಗಲಿಲ್ಲವೆಂದು ಕಲ್ಪಿಸುವುದು ಅವನಿಗೇ ಮಾಡುವ ಅನ್ಯಾಯ. ಎದುರಿಗೆ, ಹದಿನೆಂಟು ಕಿಲೋಮೀಟರ್ ಆಚೆ, ತೆಳ್ಳಗೆ ನೆಲ ಕಾಣುತ್ತದೆ. ನಾವು ಕೂತಲ್ಲಿಂದ ನೋಡಿ, ಅದೋ ಫ್ರೀಮ್ಯಾಂಟಲ್ ಎಂದು ಮೊಮ್ಮಗಳಿಗೆ ಬೆರಳು ತೋರಿಸಿದ್ದೆವು. ಕಿಂಬರ್ಲಿಯವನಿಗೆ ಆ ನೆಲವೂ ತನ್ನದಾಗಿರಲಿಲ್ಲ.

ಹಾಗಾದರೆ ಆ ದ್ವೀಪಕ್ಕೆ ಹೋಗಬಾರದೇ? ವರ್ಷಕ್ಕೆ ಲಕ್ಷಾಂತರ ಜನ ಹೋಗುತ್ತಿದ್ದಾರೆ, ದ್ವೀಪ ಮುಚ್ಚಿಲ್ಲ. ಮುಚ್ಚಬೇಕೆಂದು ನಮಗೂ ಅನಿಸುವುದಿಲ್ಲ. ಜನರಿಲ್ಲದ ದ್ವೀಪದಲ್ಲಿ ಆ ಫಲಕಗಳನ್ನು ಓದುವವರು ಯಾರು? ಹೂತ ಜಾಗಕ್ಕೆ ಈಗ ಗುರುತಿದೆ, ಕಟ್ಟುಪಾಡು ಇದೆ. ಕ್ವಾಡ್ ಅನ್ನು ಏನು ಮಾಡಬೇಕೆಂಬುದನ್ನು ಮೂಲನಿವಾಸಿಗಳನ್ನು ಕೇಳಿಯೇ ತೀರ್ಮಾನಿಸಬೇಕೆಂಬ ಕೆಲಸ ನಡೆದಿದೆ. 2024ರ ನವೆಂಬರಿನಲ್ಲಿ ರಾಜ್ಯದ ಮೂಲೆಮೂಲೆಯಿಂದ ಮೂಲನಿವಾಸಿ ಹಿರಿಯರು ದ್ವೀಪಕ್ಕೆ ಬಂದು, ಅಲ್ಲಿ ಸಿಕ್ಕಿಕೊಂಡಿರುವ ತಮ್ಮವರ ಆತ್ಮಗಳನ್ನು ಊರಿಗೆ ಕಳಿಸಿಕೊಡುವ ವಿಧಿ ನಡೆಸಿದರು. ಮಯ್ಯತ್ತಿನ ಕೆಲಸ ಮುಗಿಯಲು ಅಷ್ಟು ಕಾಲ ಬೇಕಾಯಿತು. ಇದನ್ನೆಲ್ಲ ಸರ್ಕಾರ ಪ್ರವಾಸೋದ್ಯಮದ ಹೆಸರು ಉಳಿಸಿಕೊಳ್ಳಲು ಮಾಡುತ್ತದೆ ಎಂದು ಹೇಳುವವರಿದ್ದಾರು. ಇರಬಹುದು. ಯಾವ ಕಾರಣಕ್ಕೇ ಆಗಲಿ ಗೋರಿಯ ಮೇಲಿನ ಡೇರೆ ಎದ್ದಿತಲ್ಲ, ಅಷ್ಟು ಸಾಕೆಂದು ನಾವು ಹೇಳುವವರಲ್ಲ. ಅಷ್ಟಾದರೂ ಆಯಿತು ಎನ್ನುವವರು.

ಉರ್ದುವಿನಲ್ಲಿ ಇಬ್ರತ್ ಎಂಬ ಮಾತಿದೆ. ಬೇರೆಯವರ ಗತಿ ನೋಡಿ ಪಾಠ ಕಲಿಯುವುದು ಎಂದು ನಮಗೆ ಶಾಲೆಯಲ್ಲಿ ಅರ್ಥ ಹೇಳಿದ್ದರು. ತಪ್ಪು ಮಾಡಿದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿ ಉಳಿದವರಿಗೆ ಇಬ್ರತ್ ಎನ್ನುತ್ತಿದ್ದರು, ಆದ್ದರಿಂದ ಆ ಮಾತಿನ ಮೇಲೆ ನಮಗೆ ಪ್ರೀತಿಯಿರಲಿಲ್ಲ. ಅದರ ಅರಬೀ ಮೂಲಕ್ಕೆ ದಾಟುವುದು ಎಂದು ಅರ್ಥ. ಹೊಳೆಯನ್ನು ದಾಟುವುದು, ಈ ದಡದಿಂದ ಆ ದಡಕ್ಕೆ ಹೋಗುವುದು. ಕಂಡದ್ದರಿಂದ ಕಾಣದ್ದಕ್ಕೆ ದಾಟಿದರೆ ಇಬ್ರತ್. ಫೆರಿಯ ಟಿಕೆಟ್ ಕೊಂಡು ನಾವು ನೀರನ್ನಂತೂ ದಾಟಿದ್ದೆವು. ಗೋಡೆಯನ್ನು ಕಂಡಿದ್ದೆವು, ಅದಕ್ಕೆ ಒರಗಿದ್ದೆವು. ಗೋಡೆಯ ಕಲ್ಲು ಇಟ್ಟ ಕೈಯವರೆಗೆ ದಾಟಲು ಒಂದು ಫಲಕ ಬೇಕಾಯಿತು. ಫಲಕ ಹಾಕುವ ಮುಂಚೆ ಬಂದಿದ್ದರೆ ನಾವೂ ಡೇರೆ ಹಾಕುತ್ತಿದ್ದೆವು.

ಮರಳುವ ಫೆರಿಯಲ್ಲಿ ಹುಡುಗ ನಮ್ಮ ಜೊತೆ ಹೆಚ್ಚು ಮಾತಾಡಲಿಲ್ಲ. ಸೊಸೆ ಮಾತ್ರ, ಎಲ್ಲರಿಗೂ ಹೇಳಿದಂತೆಯೂ ಯಾರಿಗೂ ಹೇಳದಂತೆಯೂ, ಮುಂದಿನ ಸಲ ಬಂದರೆ ಮೊದಲು ಆ ಕಡೆ ಹೋಗಿ ಸಲಾಮ್ ಹೇಳಿ ಆಮೇಲೆ ಊಟಕ್ಕೆ ಕೂರೋಣ ಎಂದಳು. ಅವರು ನಮ್ಮ ಸಲಾಮನ್ನು ಹೇಗೆ ತಿಳಿದುಕೊಳ್ಳುತ್ತಾರೋ ಎಂದು ಹುಡುಗ ಅಂದ. ಮೊಮ್ಮಗಳು ಕ್ವಾಕ್ಕಾದ ಫೋಟೋವನ್ನು ವಿಜಯಪುರದ ಅಜ್ಜಿಗೆ ಕಳಿಸಿದಳು. ನಮ್ಮ ಅಕ್ಕ ಕೂಡಲೇ ಫೋನು ಮಾಡಿ, ಅದೇನು ಹ್ಯಾಂಗ ನಗತೈತಲ್ಲ, ಕಚ್ಚಂಗಿಲ್ಲೇನು ಎಂದು ಕೇಳಿದರು. ಕಚ್ಚುವುದಿಲ್ಲ ಎಂದೆವು.

ಎರಡು ದಿನ ಬಿಟ್ಟು, ಬೆಳಗಿನ ಐದಕ್ಕೆ ಹುಡುಗ ಪಿಲ್ಬರಾದ ವಿಮಾನ ಹತ್ತಿದ. ಹೊರಡುವಾಗ ಬೂಟಿನ ಹಗ್ಗ ಕಟ್ಟುತ್ತಾ, "ಮಾಮೂ, ಅಲ್ಲಿಂದ ಹಿಡಿದು ತಂದವರ ಊರು ಯಾವುದು ಅಂತ ಫಲಕದಲ್ಲಿ ಬರೆದಿತ್ತಾ?" ಎಂದು ಕೇಳಿದ. ಸೀಮೆಯ ಹೆಸರು ಇತ್ತು, ಊರಿನ ಹೆಸರು ನಾವು ಗಮನಿಸಲಿಲ್ಲ ಎಂದೆವು. ಅವನು ತಲೆ ಆಡಿಸಿ ಬ್ಯಾಗು ಎತ್ತಿಕೊಂಡ.